ಮಂಗನ ಕಾಯಿಲೆಯ ಲಸಿಕೆಯೂ ಹೊಳವು ನೋಡಿ ಬರಬೇಕು

ಚಿಕ್ಕಮಗಳೂರು ಜಿಲ್ಲೆಯ ನಮ್ಮ ಕೊಪ್ಪದ ಕಡೆ ಡಿಸೆಂಬರ್ ಕಳೆಯುತ್ತಿದ್ದಂತೆ ದರಗು ತರುವ ಕೆಲಸ ಶುರುವಾಗುತ್ತದೆ. ಸೊಪ್ಪಿನಬೆಟ್ಟದಲ್ಲಿ ಉದುರಿದ ಒಣ ಎಲೆ ಗುಡಿಸಿ, ಬುಟ್ಟಿಗೆ ಒತ್ತಿ ತುಂಬಿ, ತಲೆ ಮೇಲೆ ಹೊತ್ತು ತರಬೇಕು. ಅದು ಮೊದಲು ಕೊಟ್ಟಿಗೆಗೆ ಹಾಸು. ಆಮೇಲೆ ಗೊಬ್ಬರವಾಗಿ ಅಡಿಕೆ ಮರದ ಬುಡ ಸೇರುತ್ತದೆ. ಅದೇ ತಿಂಗಳುಗಳಲ್ಲಿ ಕಾಫಿ ಕೊಯ್ಲು, ಮೆಣಸು ಕೊಯ್ಲು, ಮಳೆಗಾಲಕ್ಕೆ ಸೌದೆ ಕೂಡಿಡುವ ಗಡಿಬಿಡಿ. ವರ್ಷದಲ್ಲಿ ನಾವು ಕಾಡಿನ ಎಲೆಗೆ ಜಾಸ್ತಿ ಮೈ ತಾಗಿಸುವ ಕಾಲ ಇದು.

ರಕ್ತ ಹೀರುವ ಉಣ್ಣೆಗೂ, ಅಂದರೆ ನಮ್ಮ ಕಡೆಯ ಉಣುಗಿಗೂ ಇದೇ ಸುಗ್ಗಿ. ಮಳೆಗಾಲದಲ್ಲಿ ಬಲಿತ ಉಣುಗು ದನದ ಮೈಮೇಲೆ ರಕ್ತ ಕುಡಿದು, ನೆಲಕ್ಕೆ ಬಿದ್ದು ಮೊಟ್ಟೆ ಇಡುತ್ತದೆ. ಮಳೆ ಬಿಟ್ಟ ಮೇಲೆ ಮರಿ ಹೊರಬರುತ್ತದೆ. ಆ ಮರಿ ಇಲಿ, ಹಕ್ಕಿ, ಮಂಗ ಹೀಗೆ ಸಿಕ್ಕಿದ್ದರ ರಕ್ತ ಕುಡಿದು, ಪೊರೆ ಕಳಚಿ ಎರಡನೇ ಹಂತಕ್ಕೆ ಬರುತ್ತದೆ. ಇದಕ್ಕೆ ನಿಂಫ್ ಅನ್ನುತ್ತಾರೆ. ಎಳ್ಳಿನ ಕಾಳಿನಷ್ಟು ಗಾತ್ರ. ಒಣ ಎಲೆಯ ಮೇಲೆ ಕೂತಿದ್ದರೆ ಕಣ್ಣಿಗೆ ಬೀಳುವುದೇ ಇಲ್ಲ. ನವೆಂಬರ್‌ನಿಂದ ಮೇವರೆಗೆ ಇದರದೇ ರಾಜ್ಯ. ಮನುಷ್ಯರನ್ನು ಕಚ್ಚಿ ಮಂಗನ ಕಾಯಿಲೆ ಎಂಬ ವೈರಸ್ ಜ್ವರ ಹಚ್ಚುವುದು ಮುಖ್ಯವಾಗಿ ಈ ಎಳ್ಳುಕಾಳೇ.

ಈಗ ಅಂಗಡಿ ಕಟ್ಟೆಯಲ್ಲಿ ಕೂತರೆ ಒಂದು ಮಾತು ಕೇಳುತ್ತದೆ. ಹೊಸ ಲಸಿಕೆ ಬರುತ್ತಂತೆ, ಇನ್ನೇನು ಹೆದರಿಕೆ ಇಲ್ಲ ಅಂತ. ಲಸಿಕೆ ತಯಾರಾಗುತ್ತಿರುವುದು ನಿಜ. ಐಸಿಎಂಆರ್‌ನ ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆ ಮತ್ತು ಹೈದರಾಬಾದಿನ ಇಂಡಿಯನ್ ಇಮ್ಯುನಾಲಜಿಕಲ್ಸ್ ಸೇರಿ ಕೆಲಸ ಮಾಡುತ್ತಿವೆ. ನನಗೂ ಖುಷಿಯೇ. ಆದರೆ ಹಿಂದೆ ಇದ್ದದ್ದೂ ಲಸಿಕೆಯೇ, ಅಲ್ವಾ? ಅದು ಯಾಕೆ ನೆಲ ಕಚ್ಚಿತು ಅಂತ ನೋಡದೆ ಹೊಸದರ ಮೇಲೆ ಭಾರ ಹಾಕಿ ಕೂರುವುದು ಸರಿಯಲ್ಲ. ಅದಕ್ಕೂ ಮೊದಲು ಈ ವೈರಸ್ ಮೈಯೊಳಗೆ ಏನು ಮಾಡುತ್ತದೆ ಅಂತ ಸ್ವಲ್ಪ ತಿಳಿದುಕೊಳ್ಳಬೇಕು.

ಮಂಗನಿಗೆ ಬಂದ ಕೆಟ್ಟ ಹೆಸರು

1957. ಶಿವಮೊಗ್ಗ ಜಿಲ್ಲೆಯ ಸೊರಬ ತಾಲೂಕಿನ ಕ್ಯಾಸನೂರು ಕಾಡು. ಮಂಗಗಳು ಸಾಲಾಗಿ ಸಾಯುತ್ತಿದ್ದವು, ಸುತ್ತಲಿನ ಊರುಗಳಲ್ಲಿ ಜನರಿಗೆ ವಿಪರೀತ ಜ್ವರ. ಆಫ್ರಿಕಾದ ಹಳದಿ ಜ್ವರ ಭಾರತಕ್ಕೂ ಬಂದುಬಿಟ್ಟಿತಾ ಎಂಬ ಭಯ ಮೊದಲು ಹುಟ್ಟಿತು. ಅದಕ್ಕೇ ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಓಡಿ ಬಂದರು. ಸಿಕ್ಕಿದ್ದು ಹಳದಿ ಜ್ವರದ ವೈರಸ್ ಅಲ್ಲ. ಅದೇ ಕುಲದ್ದು, ಆದರೆ ಸೊಳ್ಳೆ ಬದಲು ಉಣುಗಿನಿಂದ ಹರಡುವ ಕವಲು. ರಷ್ಯಾದ ಚಳಿ ಕಾಡುಗಳಲ್ಲಿ ಮೆದುಳು ಜ್ವರ ತರುವ ವೈರಸ್ಸಿನ ಹತ್ತಿರದ ಸಂಬಂಧಿ. ಸೈಬೀರಿಯಾದ ನೆಂಟ ಸೊರಬದಲ್ಲಿ ಏನು ಮಾಡುತ್ತಿದ್ದಾನೆ ಅಂತ ಆಗಿನ ವಿಜ್ಞಾನಿಗಳು ತಲೆ ಕೆಡಿಸಿಕೊಂಡಿದ್ದರು.

ನಂಟು ಹತ್ತಿರದ್ದು ಅಂತ ರಷ್ಯಾದ ಕಾಯಿಲೆಗಿದ್ದ ಲಸಿಕೆಯನ್ನೇ ಇಲ್ಲಿನ ಜನರಿಗೆ ಕೊಟ್ಟು ನೋಡಿದರು. ಕೆಲಸಕ್ಕೆ ಬರಲಿಲ್ಲ.

ವೈರಸ್ಸಿಗೆ ಕಾಡಿನ ಹೆಸರು ಅಂಟಿತು, ಕಾಯಿಲೆಗೆ ಮಂಗನ ಹೆಸರು ಅಂಟಿತು. ಪಾಪ, ಮಂಗ ಇಲ್ಲಿ ನಮಗಿಂತ ಹೆಚ್ಚು ಪೆಟ್ಟು ತಿಂದ ಜೀವ. ಮುಸುವ ಮತ್ತು ಕೆಂಪು ಮುಖದ ಮಂಗ ಎರಡಕ್ಕೂ ಈ ಸೋಂಕು ತಗಲುತ್ತದೆ, ಮುಸುವಗಳು ಹೆಚ್ಚಾಗಿ ಸಾಯುತ್ತವೆ. ಕಾಯಿಲೆ ಬಿದ್ದ ಮಂಗನ ರಕ್ತದಲ್ಲಿ ವೈರಸ್ ತುಂಬಿ ತುಳುಕುತ್ತಿರುತ್ತದೆ. ಅದನ್ನು ಕುಡಿದ ಉಣುಗುಗಳಿಗೆಲ್ಲ ಸೋಂಕು. ಮಂಗ ಸತ್ತು ಮೈ ತಣ್ಣಗಾದ ಮೇಲೆ ಉಣುಗುಗಳು ಇಳಿದು ಅಲ್ಲೇ ಸುತ್ತಮುತ್ತ ಎಲೆಯಡಿ ಸೇರುತ್ತವೆ. ಸತ್ತ ಮಂಗ ಕಂಡ ಜಾಗದ ಸುತ್ತ ಆರೋಗ್ಯ ಇಲಾಖೆಯವರು ಮೆಲಾಥಿಯಾನ್ ಪುಡಿ ಎರಚುವುದು ಇದೇ ಕಾರಣಕ್ಕೆ. ಇಲಿ, ಮೂಗಿಲಿಗಳಲ್ಲಿ ವೈರಸ್ ಸದ್ದಿಲ್ಲದೆ ಸುತ್ತುತ್ತಿರುತ್ತದೆ. ಉಣುಗಿನ ಮೈಯಲ್ಲಂತೂ ಒಂದು ಹಂತದಿಂದ ಮುಂದಿನ ಹಂತಕ್ಕೆ ಹಾಗೇ ದಾಟುತ್ತದೆ. ದನದ ರಕ್ತದಲ್ಲಿ ವೈರಸ್ ಅಷ್ಟಾಗಿ ಬೆಳೆಯುವುದಿಲ್ಲ. ಆದರೆ ಬಲಿತ ಉಣುಗಿಗೆ ಊಟ ಹಾಕುವುದು ದನವೇ.

ಮನುಷ್ಯನಿಂದ ಮನುಷ್ಯನಿಗೆ ಇದು ಹರಡುವುದಿಲ್ಲ. ಇದನ್ನು ಒತ್ತಿ ಹೇಳಬೇಕು. ಜ್ವರ ಬಂದವರ ಮನೆಗೆ ಕೆಲಸದವರು ಬರಲು ಹಿಂಜರಿಯುವುದನ್ನು ನಾನೇ ನೋಡಿದ್ದೇನೆ. ಮನುಷ್ಯ ಈ ವೈರಸ್ಸಿಗೆ ಮುಂದೆ ದಾರಿಯಿಲ್ಲದ ಓಣಿ.

ಇನ್ನೊಂದು ವಿಷಯ ನಮ್ಮ ಜಿಲ್ಲೆಗೆ ನೇರವಾಗಿ ತಾಗುತ್ತದೆ. 2020ರಲ್ಲಿ ಭಾರತ ಮತ್ತು ಬ್ರಿಟನ್ನಿನ ಸಂಶೋಧಕರು ಸೇರಿ ಕಾಯಿಲೆ ಬಂದ ಜಾಗಗಳ ನಕ್ಷೆ ಹಾಕಿದರು. ದಟ್ಟ ಕಾಡಿನ ನಡುವಿಗಿಂತ, ಕಾಡು, ತೋಟ, ಗದ್ದೆ ಕಲಸಿಕೊಂಡಿರುವ ನೆಲದಲ್ಲಿ, ಊರ ದನಗಳು ಜಾಸ್ತಿ ಇರುವಲ್ಲಿ ಅಪಾಯ ಹೆಚ್ಚು ಅಂತ ಕಂಡಿತು. ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ತಾಲೂಕು ನೋಡಿದವರಿಗೆ ಇದರ ಚಿತ್ರ ಬೇರೆ ಬೇಡ. ಮನೆ ಹಿಂದೆ ಕೊಟ್ಟಿಗೆ, ಕೊಟ್ಟಿಗೆ ಹಿಂದೆ ತೋಟ, ತೋಟದ ತಲೆ ಮೇಲೆ ಸೊಪ್ಪಿನಬೆಟ್ಟ. 2024ರ ಆರಂಭದಲ್ಲಿ ಶೃಂಗೇರಿ ತಾಲೂಕಿನ ಹಿರಿಯರೊಬ್ಬರು ಈ ಕಾಯಿಲೆಯಿಂದ ತೀರಿಕೊಂಡರು. ಕಾಡಿಗೆ ಹೋಗಬೇಡಿ ಅಂತ ಬೋರ್ಡ್ ಹಾಕುವವರಿಗೆ ನನ್ನದೊಂದು ಪ್ರಶ್ನೆ. ನಮ್ಮಲ್ಲಿ ಕಾಡು ಎಲ್ಲಿ ಶುರುವಾಗುತ್ತದೆ, ಹಿತ್ತಲು ಎಲ್ಲಿ ಮುಗಿಯುತ್ತದೆ?

ದಶಕಗಳ ಕಾಲ ಶಿವಮೊಗ್ಗ ಸುತ್ತಲೇ ಇದ್ದ ಕಾಯಿಲೆ 2012ರ ನಂತರ ಬಂಡೀಪುರ, ನೀಲಗಿರಿ, ವಯನಾಡು, ಗೋವಾ, ಮಹಾರಾಷ್ಟ್ರದ ಸಿಂಧುದುರ್ಗದವರೆಗೂ ಕಾಣಿಸಿಕೊಂಡಿತು. ಪಶ್ಚಿಮ ಘಟ್ಟದ ಉದ್ದಕ್ಕೂ ಅಂದರೂ ತಪ್ಪಿಲ್ಲ.

ಮೈಯೊಳಗೆ ಏನಾಗುತ್ತದೆ

ಉಣುಗು ಕಚ್ಚಿದ್ದು ಗೊತ್ತಾಗುವುದಿಲ್ಲ ಯಾಕೆ? ಅದರ ಜೊಲ್ಲಿನಲ್ಲಿ ನೋವು ತಿಳಿಯದಂತೆ ಮಾಡುವ, ರಕ್ತ ಹೆಪ್ಪುಗಟ್ಟದಂತೆ ತಡೆಯುವ, ಚರ್ಮದ ಕಾವಲು ಕೋಶಗಳನ್ನು ಮಂಕು ಮಾಡುವ ಪದಾರ್ಥಗಳಿವೆ. ದಿನಗಟ್ಟಲೆ ಕಚ್ಚಿಕೊಂಡೇ ಕೂರಬೇಕಲ್ಲ, ಅದಕ್ಕೆ ಇದೆಲ್ಲ ಬೇಕು. ವೈರಸ್ಸಿಗೆ ಇದು ಬಾಗಿಲು ತೆರೆದಿಟ್ಟಂತೆ. ಕಾವಲು ಕೋಶಗಳನ್ನೇ ವಾಹನ ಮಾಡಿಕೊಂಡು ದುಗ್ಧಗ್ರಂಥಿಗೆ ಹೋಗಿ, ಅಲ್ಲಿ ಬೆಳೆದು ರಕ್ತಕ್ಕೆ ಇಳಿಯುತ್ತದೆ.

ಕಚ್ಚಿದ 3ರಿಂದ 8 ದಿನಕ್ಕೆ ಜ್ವರ. ಸುಮ್ನೆ ಬರುವ ಜ್ವರವಲ್ಲ. ಒಮ್ಮೆಲೇ ಏರುತ್ತದೆ, ತಲೆ ಸಿಡಿಯುತ್ತದೆ, ಸೊಂಟ, ಮೀನಖಂಡ ಹಿಂಡಿದಂತೆ ನೋವು, ಕಣ್ಣು ಕೆಂಪು. ವಾಂತಿ, ಭೇದಿ ಜೊತೆಗೆ. ಕೆಲವರಿಗೆ ಮೂಗು, ವಸಡಿನಿಂದ ರಕ್ತ ಒಸರುತ್ತದೆ. ಪ್ಲೇಟ್‌ಲೆಟ್ ಇಳಿಯುತ್ತದೆ, ಬಿಳಿ ರಕ್ತಕಣ ಇಳಿಯುತ್ತದೆ, ರಕ್ತದ ಒತ್ತಡ ಕುಸಿಯುತ್ತದೆ. ಹೆಚ್ಚಿನವರು ಎರಡು ವಾರದಲ್ಲಿ ಚೇತರಿಸಿಕೊಳ್ಳುತ್ತಾರೆ. ಆದರೆ 100ರಲ್ಲಿ 10ರಿಂದ 20 ಜನಕ್ಕೆ, ಅಬ್ಬಾ ಮುಗೀತು ಅಂದುಕೊಂಡು ಒಂದೆರಡು ವಾರ ಆದ ಮೇಲೆ ಜ್ವರ ತಿರುಗಿ ಬರುತ್ತದೆ. ಈ ಸಲ ಮೆದುಳು, ನರದ ತೊಂದರೆ. ಕೈ ನಡುಕ, ಮಂಪರು, ಕಣ್ಣು ಮಂಜು. ಒಟ್ಟಾರೆ 100ಕ್ಕೆ 3ರಿಂದ 5 ಜನ ಸಾಯುತ್ತಾರೆ.

ಇಲ್ಲಿ ಸಂಶೋಧನೆ ಒಂದು ಕುತೂಹಲದ ಜಾಗಕ್ಕೆ ಬಂದಿದೆ. ನಮ್ಮ ಒಂದು ಜೀವಕೋಶಕ್ಕೆ ವೈರಸ್ ನುಗ್ಗಿದರೆ ಅದು ಸಾಯುವ ಮುಂಚೆ ಡಂಗುರ ಸಾರುತ್ತದೆ. ಆ ಡಂಗುರದ ಹೆಸರು ಇಂಟರ್‌ಫೆರಾನ್. ಅದನ್ನು ಕೇಳಿದ ಅಕ್ಕಪಕ್ಕದ ಕೋಶಗಳು ಬಾಗಿಲು ಹಾಕಿ ಅಗುಳಿ ಜಡಿಯುತ್ತವೆ. ಮಂಗನ ಕಾಯಿಲೆಯ ವೈರಸ್ಸಿನಲ್ಲಿ ಎನ್‌ಎಸ್5 ಅಂತ ಒಂದು ಪ್ರೋಟೀನ್ ಇದೆ. ಡಂಗುರ ಕೇಳಬೇಕಾದ ಕಿವಿಯನ್ನೇ ಅದು ಮುಚ್ಚಿಬಿಡುತ್ತದೆ. ಕೆನಡಾದ ಸಂಶೋಧಕರು 2016ರಲ್ಲಿ ಪ್ರಕಟಿಸಿದ ಕೆಲಸದಲ್ಲಿ, ಪ್ರಯೋಗಾಲಯದ ಕೋಶಗಳಿಗೆ ಹೊರಗಿನಿಂದ ಇಂಟರ್‌ಫೆರಾನ್ ಕೊಟ್ಟು ನೋಡಿದರು. ಪರಿಣಾಮ ಅಷ್ಟಕ್ಕಷ್ಟೇ. ಕಿವಿ ಮುಚ್ಚಿದವನ ಮುಂದೆ ಎಷ್ಟು ಜೋರಾಗಿ ಬಾರಿಸಿದರೇನು.

ಅದೇ ಎನ್‌ಎಸ್5ಗೆ ಇನ್ನೊಂದು ಕೆಲಸವೂ ಇದೆ. ವೈರಸ್ಸಿನ ಆರ್‌ಎನ್‌ಎಯನ್ನು, ಅಂದರೆ ಅದರ ತಳಿ ಬರಹವನ್ನು, ನಕಲು ಹೊಡೆಯುವ ಯಂತ್ರವೂ ಅದೇ. ಹಾಗಾಗಿ ಔಷಧಿ ಹುಡುಕುವವರ ಕಣ್ಣು ಅದರ ಮೇಲೆ. ನಕಲು ಹೊಡೆಯುವಾಗ ನಡುವೆ ಒಂದು ಖೋಟಾ ಅಕ್ಷರ ಸೇರಿಸಿದರೆ ಯಂತ್ರ ಕಚ್ಚಿಕೊಂಡು ನಿಲ್ಲುತ್ತದೆ. ಡೆಂಗಿಗೆಂದು ಸಿಂಗಾಪುರದ ನೊವಾರ್ಟಿಸ್ ಸಂಶೋಧನಾ ಕೇಂದ್ರದಲ್ಲಿ ಮಾಡಿದ್ದ ಎನ್‌ಐಟಿಡಿ008 ಎಂಬ ರಾಸಾಯನಿಕ ಹೀಗೆ ಕೆಲಸ ಮಾಡುತ್ತದೆ. ಪ್ರಯೋಗಾಲಯದಲ್ಲಿ ಅದು ಮಂಗನ ಕಾಯಿಲೆಯ ವೈರಸ್ಸನ್ನೂ ಚೆನ್ನಾಗಿ ತಡೆಯಿತು. ಆದರೆ ಹೆಚ್ಚು ದಿನ ಕೊಟ್ಟಾಗ ಪ್ರಾಣಿಗಳಿಗೆ ವಿಷವಾಯಿತು, ಡೆಂಗಿ ಔಷಧಿಯಾಗಿಯೂ ಮುಂದೆ ಹೋಗಲಿಲ್ಲ. ದಾರಿ ಸರಿಯಿದೆ, ಬಂಡಿ ಬೇರೆ ಬೇಕು.

ಪ್ರಾಣಿಗಳಲ್ಲಿ ಕಾಯಿಲೆಯನ್ನು ನೋಡಿ ತಿಳಿಯುವುದಕ್ಕೂ ಬಹಳ ವರ್ಷ ತೊಡಕಿತ್ತು. ಇಲಿಯಲ್ಲಿ ವೈರಸ್ ಸೀದಾ ಮೆದುಳಿಗೆ ಹೋಗಿ ಕೊಲ್ಲುತ್ತದೆ, ಮನುಷ್ಯರಲ್ಲಿ ಹಾಗಲ್ಲ. ಇತ್ತೀಚಿನ ವರ್ಷಗಳಲ್ಲಿ ಪುಣೆಯಲ್ಲಿ ನಮ್ಮದೇ ಕೆಂಪು ಮುಖದ ಮಂಗಗಳಲ್ಲೂ, ಅಮೆರಿಕದಲ್ಲಿ ಪಿಗ್‌ಟೇಲ್ ಎಂಬ ಕುಳ್ಳ ಬಾಲದ ಮಂಗಗಳಲ್ಲೂ ಅಧ್ಯಯನ ನಡೆಯಿತು. ಅಮೆರಿಕದ ಕೆಲಸದಲ್ಲಿ ವೈರಸ್ ಮುಖ್ಯವಾಗಿ ಕರುಳು ಮತ್ತು ದುಗ್ಧಗ್ರಂಥಿಗಳಲ್ಲಿ ಬೀಡುಬಿಟ್ಟಿದ್ದು ಕಂಡಿತು. ವಾಂತಿ, ಭೇದಿ ಯಾಕೆ ಅನ್ನುವುದಕ್ಕೆ ಇದು ಅರ್ಥ ಕೊಡುತ್ತದೆ.

ಈ ವಿವರವೆಲ್ಲ ರೋಗಿಗೆ ಯಾಕೆ ಬೇಕು ಅಂದರೆ, ದಿನದ ಲೆಕ್ಕಕ್ಕಾಗಿ. ರಕ್ತದಲ್ಲಿ ವೈರಸ್ ಜೋರಾಗಿರುವುದು ಜ್ವರದ ಮೊದಲ ವಾರ. ಆರ್‌ಟಿಪಿಸಿಆರ್‌ನಲ್ಲಿ ಸಿಕ್ಕಿಬೀಳುವುದೂ ಆಗಲೇ. ಆಮೇಲೆ, ವೈರಸ್ ವಿರುದ್ಧ ನಮ್ಮ ಮೈ ತಯಾರಿಸುವ ಪ್ರತಿಕಾಯವನ್ನು ಹುಡುಕುವ ಐಜಿಎಂ ಎಲೈಸಾ ಪರೀಕ್ಷೆ ನೋಡಬೇಕು. ನಾಳೆ ಒಳ್ಳೆಯ ವೈರಸ್ ಔಷಧಿ ಬಂದರೂ ಅದು ಕೆಲಸ ಮಾಡುವುದು ಈ ಮೊದಲ ಕೆಲವು ದಿನಗಳಲ್ಲೇ. ಆ ದಿನಗಳು ನಮ್ಮ ಕಡೆ ಹೇಗೆ ಕಳೆಯುತ್ತವೆ? ಕೆಲವು ವರ್ಷಗಳ ಹಿಂದೆ ನಮ್ಮ ಸಂಬಂಧಿಕರೊಬ್ಬರಿಗೆ ಜ್ವರ ಬಂದಾಗ ಎರಡು ದಿನ ಕಷಾಯ, ಮೂರನೇ ದಿನ ಒಂದು ಕ್ಲಿನಿಕ್‌ನಲ್ಲಿ ಮೈಕೈ ನೋವಿಗೆ ಇಂಜೆಕ್ಷನ್, ಡೆಂಗಿ ಇರಬಹುದು ಎಂಬ ಊಹೆ. ರಕ್ತದ ಸ್ಯಾಂಪಲ್ ಹೋಗುವಷ್ಟರಲ್ಲಿ ಏಳನೇ ದಿನ. ಅವರು ಉಳಿದರು, ಅದು ಅದೃಷ್ಟ. ರಕ್ತ ಒಸರುವ ಸಾಧ್ಯತೆ ಇರುವ ಇಂಥ ಜ್ವರದಲ್ಲಿ ಆಸ್ಪಿರಿನ್, ಐಬುಪ್ರೊಫೆನ್ ಥರದ ನೋವಿನ ಮಾತ್ರೆ ಅಪಾಯ. ಅವು ಪ್ಲೇಟ್‌ಲೆಟ್ ಕೆಲಸವನ್ನೇ ಕೆಡಿಸುತ್ತವೆ. ಬೆಟ್ಟಕ್ಕೆ ಹೋಗಿದ್ದೆ, ಉಣುಗು ಹತ್ತಿತ್ತು ಅಂತ ಡಾಕ್ಟರಿಗೆ ನಾವೇ ಬಾಯಿಬಿಟ್ಟು ಹೇಳಬೇಕು. ಬೇರೆ ಊರಿನಿಂದ ಬಂದ ಡಾಕ್ಟರಿಗೆ ದರಗು ಅಂದರೆ ಏನೆಂದೇ ಗೊತ್ತಿರುವುದಿಲ್ಲ.

ಕ್ಷಯ, ಕೋವಿಡ್ ಪರೀಕ್ಷೆಗೆ ಬಳಸುವ ಟ್ರೂನಾಟ್ ಎಂಬ ಚಿಕ್ಕ ಯಂತ್ರದಲ್ಲೇ ಮಂಗನ ಕಾಯಿಲೆ ಪರೀಕ್ಷೆ ಮಾಡುವ ಚಿಪ್ಪನ್ನೂ ಪುಣೆಯವರು ಪರಿಶೀಲಿಸಿದ್ದಾರೆ. ತಾಲೂಕು ಆಸ್ಪತ್ರೆಯಲ್ಲೇ, ಅದೇ ದಿನ ಉತ್ತರ ಸಿಗುವ ವ್ಯವಸ್ಥೆ. ನನ್ನ ಮಟ್ಟಿಗೆ ಲಸಿಕೆಯಷ್ಟೇ ದೊಡ್ಡ ಸುದ್ದಿ ಇದು. ಯಾಕೋ ಇದರ ಬಗ್ಗೆ ಯಾರೂ ಮಾತಾಡುವುದಿಲ್ಲ.

ಹಳೇ ಲಸಿಕೆ ಬಿದ್ದದ್ದು ಎಲ್ಲಿ

ಕೋಳಿ ಭ್ರೂಣದ ಕೋಶಗಳಲ್ಲಿ ವೈರಸ್ ಬೆಳೆಸಿ, ಫಾರ್ಮಲಿನ್ ಹಾಕಿ ಕೊಂದು ಮಾಡಿದ ಲಸಿಕೆ ಅದು. ಬೆಂಗಳೂರಿನ ಹೆಬ್ಬಾಳದ ಪಶು ಜೈವಿಕ ಸಂಸ್ಥೆಯಲ್ಲಿ ತಯಾರಾಗುತ್ತಿತ್ತು. ಒಂದು ತಿಂಗಳ ಅಂತರದಲ್ಲಿ ಎರಡು ಡೋಸ್, 6ರಿಂದ 9 ತಿಂಗಳಿಗೆ ಬೂಸ್ಟರ್, ಆಮೇಲೆ ವರ್ಷ ವರ್ಷವೂ ಬೂಸ್ಟರ್. ಚುಚ್ಚಿದ ಜಾಗ ಊದಿಕೊಂಡು ವಿಪರೀತ ನೋಯುತ್ತಿತ್ತು. ತೋಳು ಎತ್ತಲಾಗದವನು ಮರುದಿನ ಕತ್ತಿ ಹಿಡಿಯುವುದು ಹೇಗೆ? ದಿನಗೂಲಿ ಹೋಯಿತು. ಮೊದಲ ಡೋಸಿಗೆ ಬಂದವರು ಎರಡನೆಯದಕ್ಕೆ ಮಾಯ.

ಶಿವಮೊಗ್ಗ ಜಿಲ್ಲೆಯ 2005ರಿಂದ 2010ರವರೆಗಿನ ಲೆಕ್ಕ ಹಿಡಿದು ನೋಡಿದ ಅಧ್ಯಯನವೊಂದು 2013ರಲ್ಲಿ ಪ್ರಕಟವಾಯಿತು. ಎರಡು ಡೋಸ್ ಪಡೆದವರಲ್ಲಿ ಸುಮಾರು 62 ಶೇಕಡಾ, ಬೂಸ್ಟರ್ ಕೂಡ ಪಡೆದವರಲ್ಲಿ ಸುಮಾರು 83 ಶೇಕಡಾ ರಕ್ಷಣೆ. ಒಂದೇ ಡೋಸಿನಿಂದ ಏನೂ ಪ್ರಯೋಜನ ಕಾಣಲಿಲ್ಲ. ಈಗ ಊರಿನ ಕಣ್ಣಲ್ಲಿ ಇದನ್ನು ನೋಡಿ. ಒಂದು ಡೋಸ್ ಹಾಕಿಸಿಕೊಂಡವನಿಗೆ ಜ್ವರ ಬಂತು. ಅವನೇನು ಹೇಳುತ್ತಾನೆ? ಲಸಿಕೆ ಹಾಕಿಸಿದರೂ ಬಂತಲ್ಲ ಮಾರಾಯ, ಸುಡುಗಾಡು ಲಸಿಕೆ ಅಂತ. ಅವನನ್ನು ನೋಡಿದ ಹತ್ತು ಜನ ಮುಂದಿನ ವರ್ಷ ಬರುವುದಿಲ್ಲ. ಲಸಿಕೆಯ ಶಕ್ತಿ ಕಮ್ಮಿಯಾದದ್ದು ಬಾಟಲಿಯಲ್ಲಿ ಎಷ್ಟೋ, ಇಂಥ ಮಾತುಗಳಲ್ಲಿ ಅದಕ್ಕಿಂತ ಜಾಸ್ತಿ. ಕೊನೆಗೆ ಬಾಟಲಿಯಲ್ಲೂ ಸತ್ವ ಸಾಲದು ಅಂತ ಪರೀಕ್ಷೆಗಳಲ್ಲಿ ಕಂಡು, 2022ರ ಹೊತ್ತಿಗೆ ಕೊಡುವುದನ್ನೇ ನಿಲ್ಲಿಸಿದರು. ಅಲ್ಲಿಂದೀಚೆಗೆ ನಮ್ಮ ಕೈಲಿರುವುದು ಉಣುಗು ಹತ್ತದಂತೆ ಮೈಗೆ ಹಚ್ಚಿಕೊಳ್ಳಲು ಡಿಆರ್‌ಡಿಒ ರೂಪಿಸಿದ ಡೆಪಾ ಎಣ್ಣೆ, ಉದ್ದ ತೋಳಿನ ಅಂಗಿ, ಮನೆಗೆ ಬಂದ ಮೇಲೆ ಬಿಸಿನೀರ ಸ್ನಾನ.

ಹೊಸ ಲಸಿಕೆ ಪ್ರಾಣಿಗಳ ಪರೀಕ್ಷೆ ದಾಟಿ ಬಂದಿದೆ. ಹೊರದೇಶದಲ್ಲೂ ಬೇರೆ ರೀತಿಯ ಪ್ರಯತ್ನ ನಡೆದಿದೆ. ದನಕರುಗಳಲ್ಲಿ ಬಾಯಿಹುಣ್ಣು ತರುವ ವಿಎಸ್‌ವಿ ಎಂಬ ವೈರಸ್ಸನ್ನು ಪಳಗಿಸಿ, ಅದಕ್ಕೆ ಮಂಗನ ಕಾಯಿಲೆ ವೈರಸ್ಸಿನ ಹೊರಕವಚದ ಅಂಗಿ ತೊಡಿಸಿದ್ದಾರೆ. ಎಬೋಲಾ ಲಸಿಕೆ ಮಾಡಿದ್ದೂ ಇದೇ ಉಪಾಯದಿಂದ. ಅಮೆರಿಕದ ಸಂಶೋಧಕರು 2023ರಲ್ಲಿ ಪ್ರಕಟಿಸಿದಂತೆ, ಒಂದೇ ಡೋಸ್ ಪಿಗ್‌ಟೇಲ್ ಮಂಗಗಳನ್ನು ಕಾಯಿಲೆಯಿಂದ ಕಾಪಾಡಿತು. ಒಂದೇ ಡೋಸ್ ಅನ್ನುವ ಮಾತು ಕೇಳಿ ನನಗೆ ಆಸೆ ಚಿಗುರಿತು, ಸುಳ್ಳು ಹೇಳುವುದಿಲ್ಲ. ಆದರೆ ಅದು ಜೀವಂತ ವೈರಸ್ ಲಸಿಕೆ. ಪ್ರಯೋಗಾಲಯದಿಂದ ಬಾಳೆಹೊನ್ನೂರಿನ ಆಸ್ಪತ್ರೆಯವರೆಗಿನ ದಾರಿ ಬಹಳ ಉದ್ದ.

ಹತ್ತಿರವಿರುವ ಪುಣೆ, ಹೈದರಾಬಾದಿನವರ ಲಸಿಕೆಗೂ ಒಂದು ವಿಚಿತ್ರ ಕಷ್ಟವಿದೆ. ಲಸಿಕೆ ನಿಜವಾಗಿ ಕಾಯಿಲೆ ತಡೆಯುತ್ತದೆಯೇ ಅಂತ ತೋರಿಸಲು ಕೊಟ್ಟವರು, ಕೊಡದವರು ಎರಡು ಗುಂಪು ಮಾಡಿ ಎಷ್ಟು ಜನಕ್ಕೆ ಜ್ವರ ಬಂತು ಅಂತ ಎಣಿಸಬೇಕು. ಈ ಕಾಯಿಲೆ ಇಡೀ ದೇಶದಲ್ಲಿ ವರ್ಷಕ್ಕೆ ಸರಾಸರಿ 400ರಿಂದ 500 ಜನಕ್ಕೆ ಬರುತ್ತದೆ. ಅದೂ ಈ ವರ್ಷ ಒಂದು ಊರು, ಮುಂದಿನ ವರ್ಷ ಇನ್ನೊಂದು. ಉದಾಹರಣೆಗೆ, ಒಂದು ಭಾಗದಲ್ಲಿ ಸಾವಿರಕ್ಕೆ ಒಬ್ಬರಿಗೆ ಬರುತ್ತದೆ ಅಂತಿಟ್ಟುಕೊಳ್ಳಿ. 20 ಸಾವಿರ ಜನರನ್ನು ಸೇರಿಸಿ ಅರ್ಧ ಜನಕ್ಕೆ ಲಸಿಕೆ ಹಾಕಿದರೂ, ಹಾಕಿಸಿಕೊಳ್ಳದವರಲ್ಲಿ ಸಿಗುವುದು ಹತ್ತೇ ಕೇಸು. ಆ ವರ್ಷ ಕಾಯಿಲೆ ಪಕ್ಕದ ತಾಲೂಕಿಗೆ ಹೋದರೆ ಅದೂ ಇಲ್ಲ. ಹಾಗಾಗಿ ಮನುಷ್ಯರ ರಕ್ತದಲ್ಲಿ ವೈರಸ್ ತಡೆಯುವ ಪ್ರತಿಕಾಯ ಎಷ್ಟು ಹುಟ್ಟಿತು ಎಂದು ಅಳೆದು, ಪ್ರಾಣಿಗಳಲ್ಲಿ ಕಂಡ ರಕ್ಷಣೆಯ ಜೊತೆ ತಾಳೆ ನೋಡುವುದೇ ಮುಖ್ಯ ದಾರಿಯಾಗುತ್ತದೆ. ಇದರಲ್ಲಿ ಮೋಸವಿಲ್ಲ. ಆದರೆ ಜನರಿಗೆ ಮೊದಲೇ ಹೇಳಬೇಕು. ಶೇಕಡಾ ಇಷ್ಟು ರಕ್ಷಣೆ ಅಂತ ಕರಪತ್ರದಲ್ಲಿ ಹಾಕಿ, ಆಮೇಲೆ ಒಬ್ಬರಿಗೆ ಜ್ವರ ಬಂದರೆ ಹಳೇ ಕಥೆಯೇ.

ಲಸಿಕೆ ಬಂದರೂ ಉಣುಗು ಎಲ್ಲೂ ಹೋಗುವುದಿಲ್ಲ. ಕಾಫಿ ಕೊಯ್ಲಿಗೆ ಅಸ್ಸಾಮಿನಿಂದ, ಬಯಲುಸೀಮೆಯಿಂದ ಬಂದವರು ಲೈನ್ ಮನೆಗಳಲ್ಲಿ ಮೂರ್ನಾಲ್ಕು ತಿಂಗಳು ಇದ್ದು ಹೋಗುತ್ತಾರೆ. ಅವರಿಗೆ ಉಣುಗು ಅಂದರೆ ನಾಯಿ ಮೈಮೇಲೆ ಇರುವ ಒಂದು ಹುಳ. ಲಸಿಕೆ ಪಟ್ಟಿಯಲ್ಲಿ ಅವರ ಹೆಸರು ಯಾವ ಊರಿನ ಲೆಕ್ಕಕ್ಕೆ? ಎಸ್ಟೇಟ್ ಮಾಲೀಕರು ಡೆಪಾ ಬಾಟಲಿಯನ್ನು ಆಫೀಸಿನ ಬೀರುವಿನಲ್ಲಿಟ್ಟರೆ ಸಾಲದು, ಬೆಳಿಗ್ಗೆ ಹಾಜರಿ ಕರೆಯುವಾಗಲೇ ಕೈಗೆ ಸುರಿಯಬೇಕು.

ಇನ್ನು ಉಳಿದದ್ದು ಕಾಲದ ಲೆಕ್ಕ. ನಿಂಫ್ ಏಳುವುದು ನವೆಂಬರಿಗೆ. ಅಷ್ಟರೊಳಗೆ ಮೈಯಲ್ಲಿ ಪ್ರತಿಕಾಯ ತಯಾರಾಗಿರಬೇಕಾದರೆ, ಒಂದಕ್ಕಿಂತ ಹೆಚ್ಚು ಡೋಸ್ ಬೇಕಾದ ಯಾವ ಲಸಿಕೆಯನ್ನೂ ಜುಲೈ, ಆಗಸ್ಟ್, ಸೆಪ್ಟೆಂಬರಿನಲ್ಲಿ ಕೊಟ್ಟು ಮುಗಿಸಬೇಕು. ನಮ್ಮಲ್ಲಿ ಅದು ಜಡಿಮಳೆ, ಅಡಿಕೆಗೆ ಕೊಳೆರೋಗದ ಕಾಲ. ಬೋರ್ಡೋ ದ್ರಾವಣ ಹೊಡೆಯಲು ಒಂದು ದಿನದ ಹೊಳವು, ಅಂದರೆ ಮಳೆಯ ಬಿಡುವು, ಸಿಕ್ಕರೆ ಸಾಕು ಅಂತ ಊರಿಗೆ ಊರೇ ಆಕಾಶ ನೋಡುತ್ತಿರುತ್ತದೆ. ಮಳೆ ಹೊಯ್ಯುವ ದಿನ ಆಶಾ ಕಾರ್ಯಕರ್ತೆ ಹಳ್ಳ ದಾಟಿ ನಮ್ಮಲ್ಲಿಗೆ ಬರಲಾಗುವುದಿಲ್ಲ. ಹೊಳವಾದ ದಿನ ನಾವು ಮರದ ಮೇಲಿರುತ್ತೇವೆ. ಸಂಜೆ ಏಳಕ್ಕೆ, ತೋಟದಿಂದ ಇಳಿದು ಕೈಕಾಲು ತೊಳೆದ ಮೇಲೆ, ಸೊಸೈಟಿ ಕಟ್ಟೆಯಲ್ಲಿ ಲಸಿಕೆ ಸಿಗುವಂತಾದರೆ ನಾನಂತೂ ಎರಡನೇ ಡೋಸಿಗೂ ಬರುತ್ತೇನೆ.